ಹಲಗೆಯ ಸದ್ದಿಗೆ ಬಂದವರು

ನನ್ನದು ಸುಮ್ಮನಿರುವ ಬಾಯಲ್ಲ. ಮಾನ್ವಿಯ ನಮ್ಮ ಓಣಿಯಲ್ಲಿ ನಲ್ಲಿ ಮುಂದೆ ಜಗಳ ಹತ್ತಿದರೆ ಮೊದಲು ನನಗೇ ಹೇಳಿ ಕಳಿಸುತ್ತಾರೆ. "ವಾಹಿದಾ ಹೊಂಟ್ಲು, ಇನ್ನ ಎದುರಿನವ್ರ ಕಥಿ ಮುಗೀತು" ಎಂದು ನನ್ನ ಗಂಡ ಪೀರಾ ಸಾಬ್ ತನ್ನ ಸೈಕಲ್ ಅಂಗಡಿಯಲ್ಲಿ ಕೂತು ನಗುತ್ತಾನೆ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು ನಾನು. ಅರ್ಜಿ ಬರೆಯಬಲ್ಲೆ, ಸಾಹೇಬರ ಮುಂದೆ ನಿಂತು ಮಾತಾಡಬಲ್ಲೆ. ಆದರೆ ನನ್ನ ಅತ್ತಿಗೆ ಜಾಹೆದಾಳಿಗೆ ಬೇಕಾಗಿದ್ದ ಒಂದೇ ಒಂದು ಮಾತನ್ನು ಸರ್ಕಾರದ ಬಾಯಿಂದ ಹೊರಡಿಸಲು ನನ್ನಿಂದಾಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಜಾಹೆದಾ ನನ್ನ ಅಣ್ಣ ಲಾಲ್ ಸಾಬನ ಹೆಂಡತಿ. ಅಣ್ಣ ದೇವದುರ್ಗದ ಬಜಾರಿನಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮಕ್ಕಳಾಗಲಿಲ್ಲ. ಇಬ್ಬರೇ ಇದ್ದುದರಿಂದಲೋ ಏನೋ ಒಬ್ಬರಿಗೊಬ್ಬರು ಬಹಳ ಮಾತಾಡುತ್ತಿದ್ದರು. ನಾನು ತವರಿಗೆ ಹೋದಾಗ ಗಂಡ ಹೆಂಡತಿಗೆ ಇಷ್ಟು ಮಾತು ಎಲ್ಲಿಂದ ಹುಟ್ಟುತ್ತದೆಯೋ ಎಂದು ಚೇಷ್ಟೆ ಮಾಡುತ್ತಿದ್ದೆ. ನಮ್ಮ ಮನೆಮಾತು ದಖನಿ, ಆದರೆ ನಾವು ಆಡಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಊರಿಗೆ ಡಂಗುರ ಹೊಡೆಯುವ ಹುಸೇನಪ್ಪ ದಿನಾ ಬೆಳಿಗ್ಗೆ ಅಣ್ಣನ ಕುಲುಮೆಯ ಮುಂದೆ ಬಂದು ಕೂರುತ್ತಿದ್ದ. ಹೆಸರು ಹುಸೇನಪ್ಪನಾದರೂ ಅವನು ಮುಸಲ್ಮಾನನಲ್ಲ. ಅವನ ಅವ್ವ ಮೊಹರಂನ ಅಲಾಯಿ ದೇವರಿಗೆ ಹರಕೆ ಹೊತ್ತು ಹಡೆದ ಮಗ. ನಮ್ಮ ಕಡೆ ಇಂಥ ಹೆಸರು ಓಣಿಗೊಂದು ಸಿಗುತ್ತದೆ. ಡಂಗುರದ ಹಲಗೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡದಿದ್ದರೆ ಅದು ಬಾಯಿ ಬಿಡುವುದಿಲ್ಲ. ಹುಸೇನಪ್ಪ ಅಣ್ಣನ ಕೆಂಡಕ್ಕೆ ಹಲಗೆ ಹಿಡಿಯುತ್ತಿದ್ದ, ಅಣ್ಣ ತಿದಿ ಒತ್ತುತ್ತ ಅವನಿಗೆ ಒಂದು ಬೀಡಿ ಕೊಡುತ್ತಿದ್ದ. ಊರಿನ ಸುದ್ದಿಯೆಲ್ಲ ಊರಿಗೆ ತಿಳಿಯುವ ಮೊದಲು ನಮ್ಮ ಅಣ್ಣನಿಗೆ ತಿಳಿಯುತ್ತಿತ್ತು.

ದೇವದುರ್ಗದಲ್ಲಿ ಹಲಗೆ ಬಾರಿಸಿದರೆಂದರೆ ಜನ ಹಲಗೆಯ ಕಡೆಗೆ ಓಡುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಹುಸೇನಪ್ಪ ಮೊದಲು ಬಾರಿಸುತ್ತಾನೆ, ಜನ ಕೂಡುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾನೆ. ಹಲಗೆಯ ಸದ್ದು ಊರ ಅಗಸಿ ಬಾಗಿಲವರೆಗೆ ಹೋಗುತ್ತದೆ, ಅವನ ಮಾತು ಬಜಾರಿನ ಒಂದು ಮೂಲೆಯನ್ನೂ ದಾಟುವುದಿಲ್ಲ. ಏನು ಹೇಳಿದನೆಂದು ತಿಳಿಯಬೇಕಾದರೆ ಹತ್ತಿರ ಹೋಗಲೇಬೇಕು. ನೀರು ಯಾವಾಗ ಬಿಡುತ್ತಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಕಂದಾಯ ಕಟ್ಟಲು ಕಡೆಯ ದಿನ ಯಾವುದು ಎಂಬುದೆಲ್ಲ ಊರಿಗೆ ತಿಳಿಯುತ್ತಿದ್ದುದು ಹಾಗೆಯೇ.

ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ಸೀಮೆಎಣ್ಣೆ ಬಂಗಾರವಾಗಿತ್ತು. ಚಿಮಣಿಗೂ ಇಲ್ಲ, ಸ್ಟೋವಿಗೂ ಇಲ್ಲ. ಬಜಾರಿನ ತುದಿಯ ಡಿಪೋಗೆ ಎಣ್ಣೆಯ ಬ್ಯಾರಲ್ ಬಂದ ದಿನ ಹಲಗೆ ಬಾರಿಸಿ ಹೇಳಬೇಕೆಂದು ಮೇಲಿನವರೇ ಹುಸೇನಪ್ಪನಿಗೆ ಅಪ್ಪಣೆ ಮಾಡಿದ್ದರು. ಆ ಬೇಸಿಗೆಯಲ್ಲಿ ಹಲಗೆ ಎಂದರೆ ಎಣ್ಣೆ, ಬೇರೆ ಅರ್ಥವೇ ಇರಲಿಲ್ಲ. ಮೊದಲು ಓಡಿದವರಿಗೆ ಎಣ್ಣೆ ಸಿಗುತ್ತಿತ್ತು, ಹಿಂದೆ ಉಳಿದವರಿಗೆ ಅದರ ವಾಸನೆ.

ಹಾಗಿರುವಾಗ ಒಂದು ದಿನ ಮಧ್ಯಾಹ್ನ ಡಿಪೋದ ಹಿಂಬಾಗಿಲಿನಿಂದ ಬ್ಯಾರಲ್‌ಗಳು ಬಂಡಿಗೆ ಏರುತ್ತಿವೆ ಎಂಬ ಸುದ್ದಿ ಹಬ್ಬಿತು. ಜನ ಕೂಡಿದರು, ಕೂಗಿದರು, ಕಲ್ಲು ಎಸೆದರು. ಕಲ್ಲು ಬೀಳಲೇ ಇಲ್ಲ ಎಂದು ಸುಳ್ಳು ಹೇಳುವವಳಲ್ಲ ನಾನು. ಬಿದ್ದವು. ಪೊಲೀಸ್ ಜೀಪಿನ ಗಾಜು ಒಡೆಯಿತು, ಒಬ್ಬ ಪೇದೆಯ ಹಣೆ ಒಡೆಯಿತು, ಜೀಪಿನ ಮೇಲಿದ್ದ ಧ್ವನಿವರ್ಧಕದ ಬಾಯಿ ಮುರಿಯಿತು. ಸಬ್ ಇನ್ಸ್‌ಪೆಕ್ಟರ್ ಗುಂಡು ಹಾರಿಸಲು ಹುಕುಂ ಕೊಡಿ ಎಂದು ತಹಶೀಲ್ದಾರನ ಜೀವ ತಿಂದ. ಆ ತಹಶೀಲ್ದಾರ ಹೊಸಬ, ಮೈಸೂರು ಕಡೆಯವನು, ನಮ್ಮ ಕಡೆಯ ಮಾತು ಕೂಡ ಅವನಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಜನರಿಗೆ ಎಚ್ಚರಿಕೆ ಕೊಡದೆ ಗುಂಡು ಹಾರಿಸುವಂತಿಲ್ಲ, ಕಾನೂನು ಇದೆ ಎಂದು ಅವನು ಹಟ ಹಿಡಿದ. ಅವನು ಕೆಟ್ಟವನಾಗಿದ್ದರೆ ನನಗೆ ಬಯ್ಯಲು ಎಷ್ಟು ಸುಲಭವಾಗುತ್ತಿತ್ತು.

ಧ್ವನಿವರ್ಧಕ ಹೋಗಿದೆ, ಎಚ್ಚರಿಕೆ ಕೊಡುವುದು ಹೇಗೆ? ತಹಶೀಲ್ದಾರನ ಕಣ್ಣು ಬೇವಿನ ಮರದ ಕೆಳಗೆ ಹಲಗೆ ತಬ್ಬಿಕೊಂಡು ನಿಂತಿದ್ದ ಹುಸೇನಪ್ಪನ ಮೇಲೆ ಬಿತ್ತು. ಅವನನ್ನು ಕರೆದು, ಎಲ್ಲರೂ ಚದುರಿ ಹೋಗಬೇಕು, ಇಲ್ಲದಿದ್ದರೆ ಗುಂಡು ಹಾರಿಸುತ್ತೇವೆ ಎಂದು ಡಂಗುರ ಹೊಡಿ ಎಂದ. ಬೇಡವೆನ್ನಲು ಹುಸೇನಪ್ಪನಿಗೆ ತೋಚಲಿಲ್ಲ. ತಹಶೀಲ್ದಾರನ ಅಪ್ಪಣೆಗೆ ಬೇಡ ಎಂದು ಅವನ ಅಪ್ಪನೂ ಹೇಳಿದವನಲ್ಲ, ಅಜ್ಜನೂ ಹೇಳಿದವನಲ್ಲ. ಬಾರಿಸಿದ.

ಆಗ ನನ್ನ ಅಣ್ಣ ಮನೆಯಲ್ಲಿ ಊಟಕ್ಕೆ ಕೂತಿದ್ದ. ಮನೆ ಬಜಾರಿನ ಹಿಂದಿನ ಓಣಿಯಲ್ಲಿ, ಡಿಪೋದ ಗಲಾಟೆ ಅಲ್ಲಿಗೆ ಕೇಳಿಸುವುದಿಲ್ಲ, ಹಲಗೆ ಕೇಳಿಸುತ್ತದೆ. ಜಾಹೆದಾ ಒಲೆ ಬಿಟ್ಟು ಎದ್ದಳು.

"ಹಲಗಿ ಹೊಡ್ಯಾಕತ್ತಾನ, ಏಳ್ರಿ. ಎಣ್ಣಿ ಬಂತು."

"ಎರಡು ತುತ್ತು ಅದ, ತಿಂದು ಹೋಗ್ತೀನಿ ತಡಿ."

"ಬಂದು ತಿನ್ರಿ. ಹೋದ ಸಲ ಹಿಂಗೇ ಅಂದು ಖಾಲಿ ಡಬ್ಬಿ ತಂದ್ರಿ."

ಅವಳೇ ತಾಟು ಎತ್ತಿಟ್ಟಳು. ಅವಳೇ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಅವಳೇ ಬಾಗಿಲವರೆಗೆ ಬಂದು, ಬೇಗ ಬೇಗ ಎಂದು ಅವನ ಬೆನ್ನಿಗೆ ಕೈ ಹಚ್ಚಿ ನೂಕಿದಳು.

ಅತ್ತ ಡಿಪೋದ ಮುಂದೆ ಹಲಗೆ ಕೇಳುತ್ತಲೇ ಕಲ್ಲು ಎಸೆಯುವವರ ಕೈ ನಿಂತಿತಂತೆ. ಸರ್ಕಾರ ಮಣಿಯಿತು, ಎಣ್ಣೆ ಕೊಡುತ್ತಾರೆ ಎಂದುಕೊಂಡು ಹಲಗೆಯ ಕಡೆ ತಿರುಗಿದರಂತೆ. ಸುತ್ತಲಿನ ಓಣಿಗಳಿಂದ ಡಬ್ಬಿ, ಕ್ಯಾನು ಹಿಡಿದವರು ಓಡೋಡಿ ಬಂದರು. ಹುಸೇನಪ್ಪ ಬಾಯಿ ತೆರೆದು, "ಎಲ್ಲಾರೂ ಚದುರಿ ಹೋಗ್ರಪ್ಪೋ, ಗುಂಡು ಹಾಕ್ತಾರಂತ" ಎಂದು ಕೂಗಿದ. ಮುಂದಿದ್ದ ನಾಲ್ಕು ಜನಕ್ಕೆ ತಿಳಿದು ಹಿಂದೆ ಸರಿಯಲು ನೋಡಿದರು. ಹಿಂದಿನವರು ಅವರನ್ನು ಮುಂದಕ್ಕೆ ನೂಕಿದರು. ಸಬ್ ಇನ್ಸ್‌ಪೆಕ್ಟರನಿಗೆ ಕಂಡದ್ದು ಕೈಯಲ್ಲಿ ತಗಡು ಹಿಡಿದು ಮೈಮೇಲೆ ನುಗ್ಗುವ ಜನ. ಗುಂಡು ಹಾರಿದವು. ಅಣ್ಣ ಬಟ್ಟೆ ಅಂಗಡಿಯ ಮೂಲೆ ತಿರುಗಿ ಇನ್ನೂ ಬಜಾರಿಗೆ ಕಾಲಿಡುತ್ತಿದ್ದ. ಎದೆಗೆ ಬಿತ್ತು.

ಮಾನ್ವಿಯಿಂದ ನಾನು ಹೋಗಿ ತಲುಪುವಷ್ಟರಲ್ಲಿ ಪಂಚನಾಮೆ ಮುಗಿದಿತ್ತು. ಪೊಲೀಸರು ಬರೆದುಕೊಂಡದ್ದರಲ್ಲಿ ನನ್ನ ಅಣ್ಣ ಕಾನೂನುಬಾಹಿರ ಗುಂಪಿನ ಒಬ್ಬ, ಎಚ್ಚರಿಕೆಯನ್ನು ಧಿಕ್ಕರಿಸಿ ನುಗ್ಗಿದವನು. ನಾನು ಗೋಳೋ ಎಂದು ಅತ್ತೆ, ಸ್ಟೇಷನ್ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಜಾಹೆದಾ ಅಳಲಿಲ್ಲ. ಬಂದವರನ್ನೆಲ್ಲ ಹಿಡಿದು ಒಂದೇ ಮಾತು ಕೇಳುತ್ತಿದ್ದಳು: "ಹಲಗಿ ಹೊಡೆದ್ರ ಬರಬೇಕಲ್ಲ? ನೀವೂ ಬಂದಿದ್ರಿ ಅಲ್ಲ?"

ಸರ್ಕಾರ ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿತು, ರಾಯಚೂರಿನಲ್ಲಿ ಕೂತು ಸಾಕ್ಷಿ ಕೇಳುತ್ತಾರೆ ಎಂದು ತಿಳಿಯಿತು. ನಾವು ಕೋಟೆಯ ಹತ್ತಿರ ಮನೆ ಮಾಡಿದ್ದ ವಕೀಲ ಮಹಾಂತಯ್ಯನವರ ಬಳಿ ಹೋದೆವು. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು. ಸಾವಧಾನವಾಗಿ ಕೇಳಿ, ಕಾನೂನನ್ನು ಮಗ್ಗಿ ಹೇಳಿಕೊಟ್ಟಂತೆ ಬಿಡಿಸಿ ಹೇಳಿದರು.

"ನೋಡವ್ವಾ, ಪೊಲೀಸರು ಗುಂಡು ಹೊಡೀಬಾರದು ಅಂತ ಕಾನೂನು ಎಲ್ಲೂ ಹೇಳಂಗಿಲ್ಲ. ಮೊದಲು ಗುಂಪಿಗೆ ಚದುರಿ ಹೋಗ್ರಿ ಅಂತ ಹೇಳಬೇಕು. ಅದು ಜನಕ್ಕ ತಿಳೀಬೇಕು. ತಿಳಿದ ಮ್ಯಾಲೂ ಹೋಗಲಿಲ್ಲಂದ್ರ ಬಲ ಹಾಕಬಹುದು, ಅದೂ ಎಷ್ಟು ಬೇಕೋ ಅಷ್ಟ. ಗುಂಡೇ ಹಾಕೂದಿದ್ರ ಸೊಂಟದ ಕೆಳಗ. ಜನ ಸರಿಯಾಕತ್ತಿದ ಕೂಡ್ಲೇ ನಿಲ್ಲಿಸಬೇಕು."

ಕೇಳಲಿಕ್ಕೆ ಎಷ್ಟು ಚಂದದ ಕಾನೂನು! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದೆ. ಆ ಸಬ್ ಇನ್ಸ್‌ಪೆಕ್ಟರನ ಮೇಲೆ ಕೇಸು ಹಾಕಿ ಎಂದೆ. ಅದಕ್ಕೆ ಸರ್ಕಾರದ್ದೇ ಮಂಜೂರಾತಿ ಬೇಕು, ಅದು ಸಿಗುವುದು ಕಷ್ಟ ಎಂದು ಅವರು ಮುಚ್ಚಿಡದೆ ಹೇಳಿದರು. ಆಮೇಲೆ ಜಾಹೆದಾಳ ಕಡೆ ತಿರುಗಿ, ನಿನಗೇನು ಬೇಕವ್ವಾ ಎಂದು ಕೇಳಿದರು. ಜಾಹೆದಾ ದಖನಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ.

"ಆ ದಿನ ಹಲಗಿ ಕರೀತೋ, ಓಡಿಸ್ತೋ, ಅದನ್ನ ದೊಡ್ಡವ್ರು ಯಾರರ ಹೇಳಬೇಕು. ಕರೆದದ್ದಾದ್ರ, ಎಲ್ಲಾ ಹೆಂಗಸ್ರಂಗ ನಾನೂ ಗಂಡನ್ನ ಎಣ್ಣಿಗೆ ಕಳಿಸ್ದೆ. ಓಡಿಸಿದ್ದಾದ್ರ, ತಿಳಿದೂ ತಿಳಿದೂ ಸಾವಿಗೆ ಕಳಿಸ್ದೆ. ಎರಡರಾಗ ಯಾವುದು, ಅಷ್ಟು ಹೇಳಿದ್ರ ಸಾಕು."

ಮಹಾಂತಯ್ಯನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅದು ಹುಸೇನಪ್ಪನ ಬಾಯಿಂದಲೇ ಬರಬೇಕು, ಅವನನ್ನು ಕರೆತನ್ನಿ ಎಂದರು.

ಹುಸೇನಪ್ಪ ದೇವದುರ್ಗದಲ್ಲಿರಲಿಲ್ಲ. ಅಣ್ಣನ ಮಣ್ಣಾದ ಮೇಲೆ ಊರು ಬಿಟ್ಟು ನಮ್ಮ ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ಮಗಳು ಅಂಬಮ್ಮನ ಮನೆ ಸೇರಿದ್ದ. ನಾನೇ ಹೋದೆ. ಗುಡಿಸಲ ಮುಂದೆ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದವನು ನನ್ನನ್ನು ಕಂಡು ಎದ್ದು ಒಳಗೆ ಹೋದ. ಹೊರಗೆ ಬರಲೇ ಇಲ್ಲ. ನಾನು ಬಿಡುವವಳೇ? ಬಾಗಿಲಲ್ಲಿ ಕೂತೆ. ಅಂಬಮ್ಮ ನೀರು ಕೊಟ್ಟಳು, ರೊಟ್ಟಿ ಕೊಟ್ಟಳು. ರೊಟ್ಟಿ ತಿಂದೇ ಬೈಯಲು ಶುರುಮಾಡಿದೆ. ಅಣ್ಣನ ಬೀಡಿ ಸೇದಿದವನು, ಅಣ್ಣನ ಕೆಂಡಕ್ಕೆ ಹಲಗೆ ಕಾಸಿದವನು, ಈಗ ಅಡಗಿ ಕೂತಿದ್ದಾನೆ ಎಂದೆ. ಒಳಗಿನ ಕತ್ತಲೆಯಿಂದ ಅವನ ದನಿ ಬಂತು.

"ಹೆಂಗ ಹೇಳ್ಬೇಕಂತ ಪೊಲೀಸ್ರು ನನಗ ಕಲಿಸ್ಯಾರವ್ವಾ. ನಾ ಚದುರಿ ಹೋಗ್ರಿ ಅಂದೆ, ಜನ ಬೈಕೋಂತ ಮೈಮ್ಯಾಲೆ ಬಂದ್ರು. ಇಷ್ಟ ಹೇಳು, ನಿನ್ನ ಕೆಲಸಕ್ಕ ಧಕ್ಕೆ ಇಲ್ಲ ಅಂದಾರ."

"ಖರೆ ಹಂಗ ಆಗಿತ್ತೇನು?"

"ಇಲ್ಲವ್ವಾ. ಜನ ನಗಕೋಂತ ಬಂದ್ರು. ಎಣ್ಣಿ ಬಂತು ಅಂತ ನಗಕೋಂತ ಬಂದ್ರು." ಮತ್ತೆ ಅಂದ: "ಖರೆ ಹೇಳಿದ್ರ ಏನಾಕ್ಕತಿ ಗೊತ್ತದೇನು? ಲಾಲ್ ಸಾಬನ್ನ ಕರೆದು ಕೊಂದಾಂವ ನಾನೇ ಅಂತಾಕ್ಕತಿ."

ನನ್ನ ಅತ್ತಿಗೆ ದೇವದುರ್ಗದಲ್ಲಿ ಕೂತು ಕೊಂದವಳು ನಾನು ಎನ್ನುತ್ತಾಳೆ, ಇವನು ಕುರ್ಡಿಯಲ್ಲಿ ಕೂತು ಕೊಂದವನು ನಾನು ಎನ್ನುತ್ತಾನೆ. ಗುಂಡು ಹಾರಿಸಿದವರು ಮಾತ್ರ ಹೊತ್ತು ಹೊತ್ತಿಗೆ ಉಂಡು ಮಲಗುತ್ತಿದ್ದರು. ಕೋಣಕ್ಕೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಸಿಟ್ಟಿನಲ್ಲಿ ನನಗೂ ಅಳು ಬಂತು. ಅಳುತ್ತಲೇ ಜಾಹೆದಾ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ನೀನು ಕರೆದೆ ಎಂದು ನೀನು ಒಪ್ಪಿಕೊಂಡರೆ ಅವಳೊಬ್ಬಳು ಉಳಿದುಕೊಳ್ಳುತ್ತಾಳೆ ಎಂದೆ. ಹುಸೇನಪ್ಪ ಹೊರಗೆ ಬಂದು, ಹಗ್ಗದ ಸುತ್ತನ್ನು ಮಗಳ ಕೈಗೆ ಕೊಟ್ಟು, ಯಾವತ್ತು ಬರಬೇಕು ಎಂದು ಕೇಳಿದ.

ವಿಚಾರಣೆ ಮುಂದಿನ ವರ್ಷ ಮಳೆಗಾಲ ಮುಗಿದ ಮೇಲೆ ರಾಯಚೂರಿನಲ್ಲಿ ನಡೆಯಿತು. ಮಂಗಳೂರು ಹೆಂಚಿನ ಹಳೆಯ ಕಟ್ಟಡ, ಎದುರಿಗೆ ದೊಡ್ಡ ಅಂಗಳ, ಗೇಟಿನ ಬಳಿ ಚಹಾದಂಗಡಿ. ಅಧಿಕಾರಿ ವಯಸ್ಸಾದವರು. ಜಾಹೆದಾಳನ್ನು ನಿಲ್ಲಿಸಿ ಮಾತಾಡಿಸದೆ ಕುರ್ಚಿ ಹಾಕಿಸಿದರು. ಅವರ ಮೇಜಿನ ಮೇಲೆ ಜಪ್ತಿ ಮಾಡಿದ ಹಲಗೆ ಚೀಟಿ ಕಟ್ಟಿಸಿಕೊಂಡು ಬಿದ್ದಿತ್ತು. ಎಚ್ಚರಿಕೆ ಕೊಟ್ಟಿದ್ದೆವು ಎನ್ನಲು ಪೊಲೀಸರೇ ಅದನ್ನು ಪುರಾವೆಯಾಗಿ ತಂದಿಟ್ಟಿದ್ದರು.

ತಹಶೀಲ್ದಾರ ಬಂದು ತಾನು ಎಚ್ಚರಿಕೆ ಕೊಡಿಸಿದೆ ಎಂದ. ಸಬ್ ಇನ್ಸ್‌ಪೆಕ್ಟರ್ ಬಂದು ಜನ ಆಯುಧ ಹಿಡಿದು ನುಗ್ಗಿದರು ಎಂದ. ಯಾವ ಆಯುಧ ಎಂದು ಮಹಾಂತಯ್ಯನವರು ಕೇಳಿದ್ದಕ್ಕೆ, ತಗಡಿನವು ಎಂದ. ನನಗೆ ನಗುವೂ ಬಂತು, ಅವನ ಮೀಸೆ ಕಿತ್ತು ಕೈಗೆ ಕೊಡಬೇಕು ಎಂದೂ ಅನ್ನಿಸಿತು.

ಆಮೇಲೆ ಹುಸೇನಪ್ಪ ನಿಂತ. ಕಲಿಸಿಕೊಟ್ಟದ್ದನ್ನು ಹೇಳಲಿಲ್ಲ. ಸರ್ಕಾರಿ ವಕೀಲ ಅವನನ್ನು ಹಿಂಡಿದ.

"ಚದುರಿ ಹೋಗಿ ಅಂತ ನೀನು ಕೂಗಿದ್ದು ನಿಜವೋ ಸುಳ್ಳೋ?"

"ಖರೆ ಅದ್ರಿ."

"ಜೋರಾಗಿ ಕೂಗಿದೆಯಾ?"

"ಹ್ಞೂನ್ರಿ."

"ಹಾಗಾದರೆ ಎಚ್ಚರಿಕೆ ಕೊಟ್ಟ ಹಾಗಾಯಿತಲ್ಲ?"

"ಹೇಳಿದ್ದು ಹೌದ್ರಿ ಯಪ್ಪಾ. ಆದ್ರ ಮೊದಲು ಕರದೆ, ಆಮ್ಯಾಲೆ ಹೇಳ್ದೆ. ಕರೆದದ್ದು ಊರಿಗೆಲ್ಲ ಮುಟ್ತು, ಹೇಳಿದ್ದು ಯಾರಿಗೂ ಮುಟ್ಟಲಿಲ್ಲ."

ಅಧಿಕಾರಿಗೆ ಇದು ಅರ್ಥವಾಗಲಿಲ್ಲ. ಅವರೂ ದೂರದ ಊರಿನವರು. ಆಗ ಮಹಾಂತಯ್ಯನವರು ಎದ್ದು, ಅಪ್ಪಣೆಯಾದರೆ ಇವನು ಇಲ್ಲೇ ಒಮ್ಮೆ ಬಾರಿಸಲಿ ಎಂದರು. ಸರ್ಕಾರಿ ವಕೀಲ ಬೇಡವೆಂದ. ಅಧಿಕಾರಿ ಯೋಚಿಸಿ, ಆಗಲಿ ಎಂದರು.

ಮುಟ್ಟದೆ ಬಿಟ್ಟ ಹಲಗೆಯ ಚರ್ಮ ಸಡಿಲಾಗಿತ್ತು. ಪೇದೆಯನ್ನು ಜೊತೆಗಿಟ್ಟುಕೊಂಡು ಹುಸೇನಪ್ಪ ಚಹಾದಂಗಡಿಯ ಒಲೆಗೆ ಹಿಡಿದು ಕಾಸಿ ತಂದ. ಪಡಸಾಲೆಯ ಮೆಟ್ಟಿಲ ಮೇಲೆ ನಿಂತ. ಮೊದಲ ಪೆಟ್ಟು ಬೀಳುವಾಗ ಕಣ್ಣು ಮುಚ್ಚಿಕೊಂಡ.

ಚಹಾ ಕುಡಿಯುತ್ತಿದ್ದವರು ಕಪ್ಪು ಇಟ್ಟು ಬಂದರು. ಟೈಪು ಹೊಡೆಯುವವರು ಮೇಜು ಬಿಟ್ಟು ಬಂದರು. ಯಾವುದೋ ಹೊಲದ ವ್ಯಾಜ್ಯಕ್ಕೆ ಬಂದಿದ್ದ ದೇವಸುಗೂರಿನ ರೈತರು ಬುತ್ತಿಗಂಟು ಸಮೇತ ಓಡಿ ಬಂದರು. ಬಂದೋಬಸ್ತಿಗೆ ನಿಂತಿದ್ದ ಪೇದೆಗಳೂ ಟೊಪ್ಪಿಗೆ ಹಿಡಿದುಕೊಂಡು ಬಂದರು. ಅಧಿಕಾರಿಯೇ ಎದ್ದು ಕಿಟಕಿಗೆ ಬಂದರು. ನನ್ನ ಪಕ್ಕದಲ್ಲಿ ಕೂತಿದ್ದ ಜಾಹೆದಾ, ನಾನು ಕೈ ಹಿಡಿಯುವಷ್ಟರಲ್ಲಿ, ಎದ್ದು ಬಾಗಿಲಾಚೆ ನಡೆದಿದ್ದಳು.

"ಎಲ್ಲಾರೂ ಚದುರಿ ಹೋಗ್ರಪ್ಪೋ, ಇಲ್ಲಾಂದ್ರ ಗುಂಡು ಹಾಕ್ತಾರಂತ" ಎಂದು ಹುಸೇನಪ್ಪ ಕೂಗಿದ. ಯಾರೊಬ್ಬರೂ ಚದುರಲಿಲ್ಲ. "ಏನಂದಾ? ಏನಂತ?" ಎಂದು ಹಿಂದಿನವರು ಮುಂದಿನವರನ್ನು ನೂಕಿಕೊಂಡು ಮೆಟ್ಟಿಲವರೆಗೆ ಬಂದರು. ಜಾಹೆದಾ ಆ ಜನರ ನಡುವೆ ನಿಂತು, ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಅಣ್ಣ ಸತ್ತ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗ. ಅದು ಬರಿಯ ದುಃಖದ ಅಳುವಲ್ಲ, ಸಮಾಧಾನವೂ ಅದರಲ್ಲಿತ್ತು. ರಾಯಚೂರಿನ ಜನವೂ ಬಂದರು, ಪೊಲೀಸರೂ ಬಂದರು, ಎಂದು ನನ್ನ ಭುಜ ಹಿಡಿದು ಹೇಳಿದಳು.

ಗೆದ್ದೆವು ಎಂದುಕೊಂಡೆ. ಬಸ್ಸಿನಲ್ಲಿ ಹುಸೇನಪ್ಪನಿಗೆ ನನ್ನ ಪಕ್ಕದಲ್ಲೇ ಸೀಟು ಹಿಡಿದು, ಎರಡು ಬಾಳೆಹಣ್ಣು ಕೊಡಿಸಿದೆ.

ವರದಿ ಬರಲು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಜಾಹೆದಾಳನ್ನು ಮಾನ್ವಿಗೆ ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೆ. ಊಟ ಮಾಡುತ್ತಿದ್ದಳು, ನನ್ನ ಮಕ್ಕಳ ತಲೆ ಬಾಚುತ್ತಿದ್ದಳು, ಒಮ್ಮೊಮ್ಮೆ ನಗುತ್ತಲೂ ಇದ್ದಳು. ಮಹಾಂತಯ್ಯನವರಿಂದ ಕರೆ ಬಂದಾಗ ಅವಳೇ ನನಗಿಂತ ಮೊದಲು ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

ವರದಿ ಇಂಗ್ಲಿಷಿನಲ್ಲಿತ್ತು. ಮಹಾಂತಯ್ಯನವರು ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದು ಹೇಳಿದರು, ನಾನು ದಖನಿಗೆ ತಂದು ಜಾಹೆದಾಳಿಗೆ ಹೇಳಿದೆ. ಮೂರು ಭಾಷೆ ದಾಟಿದರೂ ಅದರ ವಿಷ ಇಳಿಯಲಿಲ್ಲ. ಡಂಗುರದ ಸದ್ದು ಕೇಳಿ ಅಂಗಳದ ಗೇಟಿನಾಚೆಯಿಂದಲೂ ಜನ ಬಂದದ್ದನ್ನು ಅಧಿಕಾರಿ ತಾವೇ ಕಣ್ಣಾರೆ ಕಂಡಿದ್ದಾರೆ. ಆದ್ದರಿಂದ ದೇವದುರ್ಗದಲ್ಲಿ ಕೊಟ್ಟ ಎಚ್ಚರಿಕೆ ಬಹಳ ದೂರದವರೆಗೆ ಸ್ಪಷ್ಟವಾಗಿ ಕೇಳಿಸಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಕೇಳಿಯೂ ಜನ ಚದುರದೆ ಮುಂದೆ ಬಂದರು. ಕಾನೂನು ಬಯಸುವ ಎಚ್ಚರಿಕೆ ಸಂಪೂರ್ಣವಾಗಿ ಸಂದಿದೆ, ಬಳಸಿದ ಬಲ ಸಂದರ್ಭಕ್ಕೆ ತಕ್ಕದ್ದು. ಮೃತನ ಬಗ್ಗೆ ವಿಷಾದವಿದೆ.

"ಏನ್ರೀ ಇದು!" ಎಂದು ಕಿರುಚಿದೆ. "ಜನ ಬಂದ್ರು ಅಂತ ತೋರ್ಸಾಕ ನಾವು ಬಾರಿಸಿದ್ದು. ಅದನ್ನ ಹಿಡಕೊಂಡು ನಮಗೇ ಹೊಡೆದ್ರಲ್ರೀ!"

ಮಹಾಂತಯ್ಯನವರು ತಲೆ ತಗ್ಗಿಸಿ, ಬಾರಿಸಲಿ ಎಂದವನು ನಾನೇ ಅಲ್ಲವೇನವ್ವಾ ಎಂದರು. ಮೇಲಿನ ಕೋರ್ಟಿಗೆ ಹೋಗೋಣ ಎಂದೂ ಹೇಳಿದರು. ಜಾಹೆದಾಳಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಹೊಸ್ತಿಲು ದಾಟುವಾಗ ಮೆಲ್ಲಗೆ ಹೇಳಿದಳು.

"ಹಂಗಾದ್ರ ಅದು ಎಚ್ಚರಿಕಿನೇ ಆಗಿತ್ತು. ಎಲ್ಲಾರಿಗೂ ಕೇಳಿತ್ತು. ನನಗೊಬ್ಬಾಕಿಗೆ ತಿಳೀಲಿಲ್ಲ."

ಆ ವರದಿಯಲ್ಲಿ ಸರ್ಕಾರದ ತಪ್ಪಿಲ್ಲ, ತಹಶೀಲ್ದಾರನ ತಪ್ಪಿಲ್ಲ, ಗುಂಡು ಹೊಡೆದವನ ತಪ್ಪಿಲ್ಲ. ಜಾಹೆದಾಳ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ, ಆದರೂ ಶಿಕ್ಷೆ ಆದದ್ದು ಅವಳೊಬ್ಬಳಿಗೆ. ನಾನು ಬುದ್ಧಿ ಹೇಳಿದೆ, ಬೈದೆ, ಆಣೆ ಹಾಕಿದೆ. ಅವಳು ತಲೆಯಾಡಿಸುತ್ತಿದ್ದಳು, ನಂಬುತ್ತಿರಲಿಲ್ಲ. ನಾನು ಎಷ್ಟೇ ಮಾತುಗಾರ್ತಿಯಾದರೂ ಸರ್ಕಾರವಲ್ಲವಲ್ಲ. ಮಾನ್ವಿಯ ಓಣಿಯಲ್ಲಿ ಯಾವಾಗ ಡಂಗುರ ಕೇಳಿದರೂ ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಪೀರಾ ಸಾಬನನ್ನೂ ಬಿಡುತ್ತಿರಲಿಲ್ಲ, ಮಕ್ಕಳನ್ನೂ ಬಿಡುತ್ತಿರಲಿಲ್ಲ. ನಲ್ಲಿ ನೀರಿನ ಸುದ್ದಿ ನಮ್ಮ ಮನೆಗೆ ಯಾವಾಗಲೂ ತಡವಾಗಿ ಬರುತ್ತಿತ್ತು.

ಹುಸೇನಪ್ಪ ಕುರ್ಡಿಯಲ್ಲೇ ತೀರಿಕೊಂಡ. ಮೇಲಿನ ಕೋರ್ಟಿಗೆ ನಾವು ಹೋಗಲಾಗಲಿಲ್ಲ, ಮಹಾಂತಯ್ಯನವರಿಗೆ ಲಕ್ವ ಹೊಡೆದು ಮಾತೇ ನಿಂತಿತ್ತು. ಎಂಬತ್ತಾರರ ಚಳಿಗಾಲದಲ್ಲಿ ಜಾಹೆದಾ ಹಾಸಿಗೆ ಹಿಡಿದಳು. ಗಂಜಿಯೂ ಇಳಿಯುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತು ಬೇಳೆ ಆರಿಸುತ್ತಿದ್ದಾಗ ಮತ್ತೆ ಕೇಳಿದಳು.

"ವಾಹಿದಾ, ಆ ದಿನ ಹಲಗಿ ಕರೀತೋ, ಓಡಿಸ್ತೋ?"

"ಕರೀತು ಭಾಬಿ. ಸಾವಿರ ಸಲ ಹೇಳೀನಿ."

"ನೀ ಹೇಳಿದ್ರ ಏನು ಬಂತು. ಅವ್ರು ಹೇಳ್ಯಾರೇನು?"

ನನಗೆ ತಡೆಯಲಾಗಲಿಲ್ಲ. ಹೇಳ್ಯಾರ, ಹೊಸ ವರದಿ ಬಂದದ, ನಿನಗ ಹುಷಾರಿಲ್ಲ ಅಂತ ಹೇಳಿರಲಿಲ್ಲ ಎಂದುಬಿಟ್ಟೆ. ಓದು ಎಂದಳು.

ಓದಲು ಮನೆಯಲ್ಲಿ ಏನಿತ್ತು? ಬೇಳೆ ಕಟ್ಟಿಕೊಟ್ಟಿದ್ದ ಹಳೆಯ ಪೇಪರಿನ ಹಾಳೆಯನ್ನೇ ಕೊಡವಿ ಹಿಡಿದೆ. ಅದರಲ್ಲಿ ಹತ್ತಿಯ ಧಾರಣೆ ಇತ್ತು. ನಾನು ಗಂಟಲು ಸರಿಮಾಡಿಕೊಂಡು, ಅಧಿಕಾರಿಗಳು ಓದುವ ಹಾಗೆ ಗಂಭೀರವಾಗಿ ಓದಿದೆ. ದೇವದುರ್ಗದ ಜನರು ಹಲಗೆಯ ಕರೆಗೆ ಓಗೊಟ್ಟು ಬಂದವರು. ಕರೆದು ಕೊಂದದ್ದು ಸರ್ಕಾರದ ತಪ್ಪು. ಲಾಲ್ ಸಾಬ್ ದಂಗೆಕೋರನಲ್ಲ, ಎಣ್ಣೆಗೆ ಬಂದವನು. ಅವನನ್ನು ಕಳಿಸಿದ ಅವನ ಹೆಂಡತಿ ಮಾಡಿದ್ದು ಊರಿನ ಎಲ್ಲ ಹೆಂಗಸರು ಮಾಡಿದ್ದನ್ನೇ. ಅವಳ ಮೇಲೆ ಯಾವ ತಪ್ಪೂ ಇಲ್ಲ.

ಜಾಹೆದಾ ಕಣ್ಣು ಮುಚ್ಚಿ ಕೇಳಿದಳು. ಮುಖದ ಮೇಲಿನ ಗಂಟು ಬಿಚ್ಚಿತು. ಎಷ್ಟೋ ವರ್ಷಗಳ ಮೇಲೆ ಅಣ್ಣನ ಹೆಂಡತಿಯ ಹಳೆಯ ಮುಖವನ್ನು ನೋಡಿದೆ.

"ಕಡೀ ಸಾಲು ಇನ್ನೊಮ್ಮೆ ಓದು" ಎಂದಳು.

ಓದಿದೆ. ಆದರೆ ಮೊದಲು ಏನು ಹೇಳಿದ್ದೆನೋ ಅದೇ ಮಾತು ನನ್ನ ಬಾಯಿಗೆ ಬರಲಿಲ್ಲ. ಹಿಂದು ಮುಂದಾಯಿತು, ಒಂದು ಬಿಟ್ಟು ಹೋಯಿತು, ಒಂದು ಹೊಸದು ಸೇರಿತು. ನಾನು ತಡವರಿಸಿ ನಿಲ್ಲಿಸಿದೆ. ಜಾಹೆದಾ ಕಣ್ಣು ತೆರೆದಳು. ನನ್ನ ಮುಖ ನೋಡಿ, ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಮಡಚಿ ದಿಂಬಿನ ಕೆಳಗಿಟ್ಟಳು. ನನ್ನ ಕೈಯ ಮೇಲೆ ಕೈ ಇಟ್ಟಳು.

"ಚಂದ ಬರ್ದೀಯವ್ವಾ ನೀ" ಎಂದಳು. "ಇಷ್ಟು ಬರ್ಯಾಕ ಅವ್ರಿಗೆ ಬರ್ಲಿಲ್ಲ ನೋಡು."